ಭಾವನ ಎಡಗೈ

ಭಾವನ ಬಲಭುಜದ ಕೀಲು ಬಿಗಿದುಹೋದ ದಿನ ಅಕ್ಕನ ಮನೆಯಲ್ಲಿ ಹೊಡೆತ ನಿಂತಿತು. ಹದಿನೇಳು ವರ್ಷ ಆ ಕೈ ಬಿದ್ದು ಬಿದ್ದು ಅಕ್ಕನ ಎಡಗಿವಿ ಕಿವುಡಾಗಿತ್ತು. ಈಗ ಅದು ತೊಂಬತ್ತು ಡಿಗ್ರಿಗಿಂತ ಮೇಲೆ ಏಳುತ್ತಿರಲಿಲ್ಲ. ಅಂಗಿಯ ತೋಳು ತೊಡಿಸಲೂ ಅಕ್ಕನೇ ಬೇಕಿತ್ತು.

"ನಿನ್ನ ಕೈಗುಣ ಚೆನ್ನಾಗಿದೆ, ಅಳಿಯಂದಿರನ್ನ ನೀನೇ ನೋಡು" ಅಂತ ಅಮ್ಮ ಅವನನ್ನು ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕಳಿಸಿದಳು. ಅಮ್ಮನಿಗೆ ಅಳಿಯ ಅಂದರೆ ದೇವರು. ಮಗಳ ಕಿವಿ ಮಾತ್ರ ಮಗಳ ಹಣೆಬರಹ. ನನಗೆ ಮೈಯೆಲ್ಲ ಉರಿಯಿತು. ಆದರೂ ಒಪ್ಪಿಕೊಂಡೆ. ಬೇರೆಯವರ ಕೈಗೆ ಸಿಕ್ಕರೆ ಆ ಭುಜ ವಾಸಿಯಾಗುತ್ತದೆ. ನನ್ನ ಕೈಯಲ್ಲಿ ಆಗಬಾರದು ಅಂತ ತೀರ್ಮಾನ ಮಾಡಿದ್ದೆ.

ವಾರಕ್ಕೆ ಮೂರು ದಿನ ಶಾಖ ಕೊಟ್ಟೆ, ಮೆಷಿನ್ನಿನ ತಂತಿ ಅಂಟಿಸಿದೆ, ಜೆಲ್ ಹಚ್ಚಿ ಸವರಿದೆ. ಕೀಲು ಬಿಡಿಸುವ ಎಳೆತ ಮಾತ್ರ ಕೊಡಲಿಲ್ಲ. ಕೋನ ಅಳೆಯುವ ಪಟ್ಟಿ ಹಿಡಿದು "ನಿಧಾನಕ್ಕೆ ಆಗುತ್ತೆ ಭಾವ" ಅನ್ನುತ್ತಿದ್ದೆ.

ಅವನು ಡ್ರಿಲ್ ಮಾಸ್ತರು. ಸುಮ್ಮನೆ ಮಲಗಿಸಿದರೆ ಅನುಮಾನ ಪಡುವ ಆಸಾಮಿ. ಅದಕ್ಕೇ ಕಾಲೇಜಿನಲ್ಲಿ ಕಲಿತ ಪಾಠ ಒಪ್ಪಿಸಿದೆ: ಒಳ್ಳೆಯ ಕೈ ಸೊರಗಬಾರದು. ಎಡಗೈಗೆ ಜಗ್ಗುವ ರಬ್ಬರ್ ಪಟ್ಟಿ ಕೊಟ್ಟೆ. ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಎಲ್ಲಕ್ಕಿಂತ ಬಿಗಿಯಾದ ಕಪ್ಪು. ಮನೆಯಲ್ಲಿ ವ್ಯಾಯಾಮ ಮಾಡಿದೆ ಅಂತ ನನ್ನ ರೋಗಿಗಳೆಲ್ಲ ಸುಳ್ಳು ಹೇಳುತ್ತಾರೆ. ನಿಜವಾಗಿ ಮಾಡುತ್ತಿದ್ದವನು ಇವನೊಬ್ಬನೇ. ದಿನಕ್ಕೆ ಮೂರು ಸುತ್ತು, ಸುತ್ತಿಗೆ ಇಪ್ಪತ್ತು, ಜೋರಾಗಿ ಎಣಿಸಿಕೊಂಡು.

ಎಂಟನೇ ತಿಂಗಳ ಒಂದು ಬೆಳಗ್ಗೆ ಅಕ್ಕ ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು. ಬಲಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ತುಟಿ ಒಡೆದಿತ್ತು. ಬಲಗೆನ್ನೆ! ನಾನು ಅವನ ಎಡಗೈ ನೋಡಿದೆ. ಬೆರಳಿನ ಗೆಣ್ಣುಗಳು ಸುಲಿದಿದ್ದವು. ಹಾವಿಗೆ ಹಾಲೆರೆದವಳು ನಾನೇ.

"ಏನಾಯ್ತಕ್ಕ?"

"ಜಾರಿ ಬಿದ್ಲು" ಅಂದ ಭಾವ, ಮಂಚ ಹತ್ತುತ್ತ. "ನಿಮ್ಮಕ್ಕಂಗೆ ಮೈಮೇಲೆ ನಿಗಾ ಇಲ್ಲ. ಅದಿರ್ಲಿ, ನಿನ್ನ ಪಟ್ಟಿ ಭಾರಿ ಕೆಲಸ ಮಾಡ್ತು ಕಣಮ್ಮ. ಎಡಗೈ ಕಬ್ಬಿಣ ಆಗಿದೆ."

"ಇವತ್ತು ಅದನ್ನೇ ನೋಡೋಣ. ಮಲಗಿ."

ಎಡತೋಳನ್ನು ಪಕ್ಕಕ್ಕೆ ಚಾಚಿಸಿ, ಅಂಗೈ ಮೇಲೆ ಮಾಡಿ, ಮಂಚದ ಅಂಚಿನಿಂದ ಹೊರಗೆ ಬಿಟ್ಟೆ. ಅವನ ಎದೆಯ ಮೇಲೆ ಮೊಣಕಾಲೂರಿದೆ.

"ಏನೇ ಇದು?"

"ಎಣಿಸಿ ಭಾವ."

ಒಂದು ಅಂದ. ಎರಡು ಅನ್ನುವಷ್ಟರಲ್ಲಿ ಮೈಭಾರವೆಲ್ಲ ಹಾಕಿ ಕೈಯನ್ನು ಹಿಂದಕ್ಕೆ ತಿರುಚಿ ಕೆಳಕ್ಕೆ ಒತ್ತಿದೆ. ಲೊಟಕ್ಕಂತ ಕೀಲು ಕಳಚಿತು. ಭುಜದ ಗುಂಡು ಚರ್ಮದಡಿ ಮುಂದಕ್ಕೆ ಉಬ್ಬಿ ನಿಂತಿತು. ಅವನು ಅರಚಿದ್ದಕ್ಕೆ ಹೊರಗೆ ಕಾಯುತ್ತಿದ್ದ ಸೊಂಟನೋವಿನ ಅಜ್ಜಿ ಸೊಂಟ ಮರೆತು ಓಡಿದರು. ಸುಳ್ಳು ಯಾಕೆ, ನನಗೆ ಖುಷಿಯಾಯಿತು. ಇನ್ನೊಂದು ಸಲ ತಿರುಚಿದೆ. ಅವನು ಅಲ್ಲೇ ವಾಂತಿ ಮಾಡಿಕೊಂಡ.

"ಪೊಲೀಸಿಗೆ ಕೊಡ್ತೀನಿ! ನಿನ್ನ ಬೋರ್ಡು ಕಿತ್ತು ಬಿಸಾಕ್ತೀನಿ!"

"ಯಾವ ಕೈಲಿ ಕೀಳ್ತೀರೋ ನೋಡೋಣ."

ಗೆದ್ದವಳ ಹಾಗೆ ಅಕ್ಕನ ಕಡೆ ತಿರುಗಿದೆ. "ಮುಗೀತಕ್ಕ. ಇನ್ನು ಎರಡು ಕೈಯೂ ಏಳಲ್ಲ."

ಅಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಕಾಲಿದೆಯಲ್ಲೇ" ಅಂದಳು. "ನಾನು ಇವರ ಜೊತೇಲೇ ತಾನೆ ಮನೆಗೆ ಹೋಗೋದು?"

ಎಂಟು ತಿಂಗಳು ಅವನ ಒಂದೊಂದು ಕೀಲನ್ನೂ ಅಳೆದಿದ್ದೆ. ಒಂದೇ ಒಂದು ದಿನ ಅಕ್ಕನಿಗೆ "ನಮ್ಮನೆಗೆ ಬಂದುಬಿಡು" ಅಂದಿರಲಿಲ್ಲ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು.

ಚೀಲದಿಂದ ಬೀಗದ ಕೈ ತೆಗೆದು ಅವಳ ಮುಂದೆ ಹಿಡಿದೆ. ಅವಳು ಸೆರಗಿನಿಂದ ಬಲಗೈ ಹೊರತೆಗೆದು ಬೆರಳು ಮಡಚಲು ಹೋಗಿ "ಅಯ್ಯಮ್ಮಾ" ಅಂದಳು. ಬೀಗದ ಕೈ ನೆಲಕ್ಕೆ ಬಿತ್ತು. ಎರಡು ಬೆರಳು ಮುರಿದಿದ್ದವು. ಇಷ್ಟು ಹೊತ್ತು ನಾನು ಅವನ ಕೈಯನ್ನೇ ನೋಡುತ್ತಿದ್ದೆ.