ಮಾಸ್ತರರ ಟಾಚಣ ವಹಿ

ನಿಲೋಫರ್ ಅಂಗಳಕ್ಕೆ ಕಾಲಿಟ್ಟಾಗ ನಾಲ್ಕು ಜನ ಸೇರಿ ಮಹಾಂತಪ್ಪ ಮಾಸ್ತರರ ಹೆಣವನ್ನು ಗೋಡೆಗೆ ಆನಿಸಿ ಕೂರಿಸುತ್ತಿದ್ದರು. ಕತ್ತು ಮತ್ತೆಮತ್ತೆ ಮುಂದಕ್ಕೆ ವಾಲುತ್ತಿತ್ತು.

"ವಸ್ತ್ರ ಬಿಗೀರೆಪಾ, ಮಾಸ್ತರ ತಲಿ ಬಗ್ಗಿಸಿದ್ರ ಚೆಂದ ಕಾಣಂಗಿಲ್ಲ," ಎಂದ ನೆರೆಮನೆಯ ಶಂಕರೆಪ್ಪ.

"ಬಗ್ಗಿಸೂ ಕೆಲಸನ ಮಾಡಿದ್ರಲ್ಲ," ಎಂದ ಇನ್ನೊಬ್ಬ. "ರಿಟೈರ್ ಆಗಾಕ ಎರಡ ತಿಂಗಳ ಇದ್ದಾಗ, ಟಾಚಣ ಬರದಿಲ್ಲ ಅಂತ ಮೆಮೊ ತಗೊಂಡ್ರು."

ನಾಳೆ ಯಾವ ಪಾಠ, ಹೇಗೆ ಹೇಳಬೇಕು, ಯಾರಿಗೆ ಯಾವ ಪ್ರಶ್ನೆ ಕೇಳಬೇಕು ಎಂದು ಮಾಸ್ತರರು ಮೊದಲೇ ಬರೆದಿಡುವುದೇ ಟಾಚಣ. ಮಹಾಂತಪ್ಪ ಮಾಸ್ತರರು ಮೂವತ್ನಾಲ್ಕು ವರ್ಷ ಒಂದು ದಿನವೂ ತಪ್ಪಿಸದೆ ಬರೆದಿದ್ದರು. ಈ ವರ್ಷದ ವಹಿ ನಿಲೋಫರಳ ಚೀಲದಲ್ಲಿತ್ತು. ಅದನ್ನು ಅವರ ಹೆಂಡತಿಯ ಕೈಗಿಟ್ಟು ಇದ್ದದ್ದು ಇದ್ದಂತೆ ಹೇಳಿಬಿಡಬೇಕೆಂದೇ ಅವಳು ಸವದತ್ತಿಯಿಂದ ಉಗರಗೋಳಕ್ಕೆ ಬಂದಿದ್ದಳು.

*

ಅದೇ ವರ್ಷ, ಎರಡು ಸಾವಿರದ ಒಂದರ ಜೂನಿನಲ್ಲಿ ಅವಳಿಗೆ ನೌಕರಿ ಸಿಕ್ಕಿತ್ತು. ಗುಡ್ಡದಾಚೆಯ ಎರಡು ಕೋಣೆಯ ಸಾಲಿ. ಮಾಸ್ತರರು, ಅವಳು, ಇಬ್ಬರೇ. ಕಾಲೇಜಿನಲ್ಲಿ ಕಲಿಸಿದಂತೆ ಗೆರೆ ಹೊಡೆದು, ಉದ್ದೇಶ, ಉಪಕರಣ, ಮೌಲ್ಯಮಾಪನ ಎಂದು ಒಂದೊಂದು ಪಾಠಕ್ಕೆ ಎಂಟೆಂಟು ಪುಟ ಬರೆದಳು. ಮಕ್ಕಳಿಗೆ ಏನೂ ತಿಳಿಯಲಿಲ್ಲ. ಒಂದು ದಿನ ಅಳುತ್ತ ಕುಳಿತಾಗ ಮಾಸ್ತರರು ತಮ್ಮ ವಹಿ ಕೊಟ್ಟರು. "ನೋಡಿ ಬರಕೋರಿ ಅಕ್ಕೋರ. ಸೋಮವಾರ ತಂದ್ರ ಸಾಕು."

ಅದರಲ್ಲಿ ಭಿನ್ನರಾಶಿ ಪಾಠಕ್ಕೆ ಉಪಕರಣ: ಒಂದು ಜೋಳದ ರೊಟ್ಟಿ. ನಾಲ್ಕು ಪಾಲು ಮಾಡಿ ತೋರಿಸುವುದು. ಪಾಠ ಮುಗಿದ ಮೇಲೆ ಹಸಿದು ಬಂದವರಿಗೆ ಕೊಡುವುದು. ಅವಳು ಅದನ್ನೂ ಬಿಡದೆ ಇಳಿಸಿಕೊಂಡಳು. ಸೋಮವಾರ ವಹಿ ಮನೆಯಲ್ಲೇ ಮರೆತಳು. ಮಂಗಳವಾರವೂ ಮರೆತಳು. ಆವತ್ತೇ ತಪಾಸಣೆಗೆ ಸಾಹೇಬರು ಬಂದರು!

ಅವಳ ವಹಿ ನೋಡಿ "ಭೇಷ್!" ಎಂದರು. "ಮಾಸ್ತರ, ನಿಮ್ದು ತೋರಸ್ರಿ."

ಮಾಸ್ತರರು ಅವಳ ಕಡೆ ನೋಡಿದರು. ಅವಳು ಹಲಗೆಯ ಕಡೆ ತಿರುಗಿದಳು. ಖಾಯಂ ಆಗದ ನೌಕರಿ. ಸಾಹೇಬರು ನಕಲು ಎಂದು ಬರೆದುಬಿಟ್ಟರೆ?

"ಬರದಿಲ್ರಿ ಸಾಹೇಬ್ರ," ಎಂದರು ಮಾಸ್ತರರು.

ಮರುದಿನ ಅವಳು ವಹಿ ಚಾಚಿದರೆ ಅವರು ಮುಟ್ಟಲಿಲ್ಲ. "ನಿಮ್ಮ ಕಡೇನ ಇರಲಿ. ಈಗ ತೋರಿಸಿದ್ರ ಎರಡೂ ಒಂದ ಅಂತ ನಿಮ್ಮನ್ನ ಹಿಡೀತಾರ." ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಮಾಧಾನವಾಯಿತು.

*

ಮಾಸ್ತರರ ಹೆಂಡತಿ ಕೆಂಪವ್ವ ಒಳಬಾಗಿಲ ಬಳಿ ಗೋಡೆಗೊರಗಿ ಕುಳಿತಿದ್ದಳು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

"ಬರ್ರಿ ಅಕ್ಕೋರ, ಕುಂದರ್ರಿ. ನಾನೂ ಅವರಿಗೆ ಅಂದೆ. 'ಹುಡುಗರಿಗೆ ಕಲಿಸೂ ಕೆಲಸ ಕದ್ದೀರಿ, ಓಣ್ಯಾಗ ನಾ ಹೆಂಗ ಮಾರಿ ತೋರಿಸಲಿ' ಅಂದೆ. ಒಂದ ಮಾತ ತಿರುಗಿ ಆಡಲಿಲ್ಲ. ನಾನೂ ಮಾತ ಬಿಟ್ಟೆ. ಹದಿನೈದ ದಿನ. ನಿನ್ನೆ ಮುಂಜಾನೆ ಹಾಸಿಗ್ಯಾಗ ಹಂಗ ಹೋಗಿದ್ರು." ಸೆರಗು ಸರಿ ಮಾಡಿಕೊಂಡಳು. "ಅಂದದ್ದು ಖರೇನ ಅಂದಿದ್ನಲ್ಲ, ಅದರ ಮ್ಯಾಲ ಜೀವ ಹಿಡಕೊಂಡೇನಿ."

ಅಯ್ಯೋ, ಮನೆಯಲ್ಲೂ ಹೇಳಿರಲಿಲ್ಲ ಆ ಮನುಷ್ಯ!

ಸುಮ್ಮನೆ ಎದ್ದು ಹೋಗಬಹುದಿತ್ತು. ಹೋದರೆ ಈ ಮುದುಕಿಗೆ ಇದ್ದೊಂದು ಆಸರೆ ಉಳಿಯುತ್ತಿತ್ತು. ಆದರೆ ಮಾಸ್ತರರು ಕೆಲಸಗಳ್ಳರೆನಿಸಿಕೊಂಡೇ ಮಣ್ಣಿಗೆ ಹೋಗುತ್ತಿದ್ದರು. ನಿಲೋಫರ್ ಚೀಲಕ್ಕೆ ಕೈ ಹಾಕಿದಳು.

"ಅಮ್ಮಾ, ಅವರು ಟಾಚಣ ಬರದಿದ್ರು. ವಹಿ ನನ್ನ ಕಡೆ ಇತ್ತು. ನನ್ನ ಉಳಸಾಕ ಸುಳ್ಳು ಹೇಳಿದ್ರು. ನಾ ಬಾಯಿ ಬಿಡಲಿಲ್ಲ."

ಕೆಂಪವ್ವ ವಹಿಯನ್ನು ನೋಡಿದಳು, ನಿಲೋಫರಳನ್ನು ನೋಡಿದಳು. ಅಂಗಳದಲ್ಲಿ ಭಜನೆಯ ತಾಳ ಜೋರಾಯಿತು. ಹೆಣ ಕೂರಿಸಿದ ಬಿದಿರ ವಿಮಾನವನ್ನು ಹೆಗಲಿಗೆ ಎತ್ತುತ್ತಿದ್ದರು. ಕೆಂಪವ್ವ ಜನರನ್ನು ನೂಕುತ್ತ ಓಡಿ ವಿಮಾನದ ಬಿದಿರು ಹಿಡಿದಳು.

"ಇಳಸ್ರೀ! ನಾ ಮಾತಾಡೂದೈತಿ!"

"ಹೊತ್ತಾತು ತಂಗಿ, ಬಿಡು," ಎಂದ ಶಂಕರೆಪ್ಪ.

ಅವಳು ಬಿಡಲಿಲ್ಲ. ತಾಳ ನಿಂತಿತು. ಹೊತ್ತವರು ಇಳಿಸಲೂ ಆಗದೆ, ನಡೆಯಲೂ ಆಗದೆ ನಿಂತರು. ಕೆಂಪವ್ವ ಎತ್ತರದಲ್ಲಿ ಕುಳಿತ ಗಂಡನ ಮೊಣಕಾಲು ಹಿಡಿದು ಅಲ್ಲಾಡಿಸುತ್ತ, ಮುಖ ಮೇಲೆತ್ತಿ, "ರೀ... ಈ ಕಡೆ ನೋಡ್ರಿ... ಇಲ್ಲೆ ನೋಡ್ರಿ," ಎನ್ನುತ್ತಿದ್ದಳು.