ದಡದ ಮೇಲಿನ ಹುಡುಗ

ನನ್ನ ಕಣ್ಣಿಗೆ ಬಣ್ಣ ದಕ್ಕಿದಷ್ಟು ಅಕ್ಷರ ದಕ್ಕಲಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಸಾಲಿನ ಮೇಲೆ ಕಣ್ಣಿಟ್ಟರೆ ಸಾಕು, ಅಕ್ಷರಗಳು ಒಂದರ ಜಾಗದಲ್ಲಿ ಇನ್ನೊಂದು ಕೂತು ಸತಾಯಿಸುತ್ತವೆ. ಅರ್ಧ ಪುಟ ಮುಗಿಯುವಷ್ಟರಲ್ಲಿ ತಲೆ ಸಿಡಿಯುತ್ತದೆ. ಶಾಲೆಯ ಪಾಠಗಳನ್ನು ಅಕ್ಕ ಓದಿದಳು, ನಾನು ಕೇಳಿ ಪಾಸಾದೆ. ಈಗ ನನಗೆ ಅರವತ್ತೆರಡು, ಅವಳಿಗೆ ಎಪ್ಪತ್ತು. ಕರೆಂಟ್ ಬಿಲ್ಲಿನಿಂದ ಹಿಡಿದು ಮಾತ್ರೆಯ ಚೀಟಿಯವರೆಗೆ ಈಗಲೂ ಅವಳೇ ಓದಬೇಕು. ಹೊರಗಿನವರಿಗೆ ಇದು ಗೊತ್ತಿಲ್ಲ, ಗೊತ್ತಾಗಲು ನಾನು ಬಿಟ್ಟಿಲ್ಲ. ಯಾರಾದರೂ ಕಾಗದ ಚಾಚಿದರೆ ಕನ್ನಡಕ ಮನೆಯಲ್ಲೇ ಮರೆತೆ ಎನ್ನುತ್ತೇನೆ.

ಅಕ್ಕ ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಒಂದು ಅಲ್ಪವಿರಾಮ ಕಣ್ತಪ್ಪಿ ಅಚ್ಚಾದರೆ ಅವತ್ತು ಅವಳಿಗೆ ಊಟ ಸೇರುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಚಟ ಹೋಗಿಲ್ಲ. ಅಂಗಡಿಯವನು ಕೊಡುವ ರಸೀದಿಯಲ್ಲೂ ತಪ್ಪು ಹುಡುಕಿ ಪೆನ್ಸಿಲಿನಿಂದ ಗುರುತು ಹಾಕುತ್ತಾಳೆ. ಅಂಥವಳು ಪುಸ್ತಕದಲ್ಲಿ ಇಲ್ಲದ್ದನ್ನು ಓದುತ್ತಾಳೆ ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಜನ್ಮ ಜಾಲಾಡಿಬಿಡುತ್ತಿದ್ದೆ.

ಕೆಲಸ ಬಂದದ್ದು ಊರಿನ ಗ್ರಂಥಾಲಯದಿಂದ. ಹೊಸದಾಗಿ ಕಟ್ಟಿಸಿದ ಓದುವ ಕೋಣೆಯ ಗೋಡೆಗೆ ಆಳೆತ್ತರದ ಚಿತ್ರವೊಂದು ಬೇಕಿತ್ತು. ನಮ್ಮ ಊರಿನ ಹಳೆಯ ಕೋಟೆ, ನದಿ, ಮುತ್ತಿಗೆಯ ಕಥೆ ಹೇಳುವ ಒಂದು ಐತಿಹಾಸಿಕ ಕಾದಂಬರಿಯಿದೆ. ಎಲ್ಲರೂ ಓದಿದ್ದೇವೆ ಎನ್ನುವ, ಪೂರ್ತಿ ಓದಿದವರು ಮಾತ್ರ ಅಪರೂಪಕ್ಕೆ ಸಿಗುವ ದಪ್ಪ ಪುಸ್ತಕ. ಬರೆದವರು ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಅದರಿಂದ ಒಂದು ದೃಶ್ಯ ಬರೆದುಕೊಡಿ ಎಂದು ಗ್ರಂಥಪಾಲಕರು ಕೇಳಿದರು. ಹನ್ನೆರಡನೇ ಅಧ್ಯಾಯ, ದಾದಿ ಮಕ್ಕಳೊಂದಿಗೆ ನದಿ ದಾಟುವುದು; ನಿಮಗೆ ನಾನು ಹೇಳಬೇಕೇ ಎಂದರು. ನಾನೂ ಹತ್ತು ಸಲ ಓದಿದವಳ ಹಾಗೆ ತಲೆಯಾಡಿಸಿದೆ. ಆ ಒಂದು ತಲೆಯಾಡಿಕೆಯಲ್ಲಿ ಎಲ್ಲ ಶುರುವಾಯಿತು.

ಪುಸ್ತಕದ ಹೆಸರು ಕೇಳಿ ಅಕ್ಕನ ಮುಖ ಚಿಕ್ಕದಾಯಿತು. ಅದರ ಮೂರನೇ ಮುದ್ರಣದ ಕರಡು ನೋಡಿದ್ದು ಅವಳೇ. ಬೇರೆ ಯಾವುದಾದರೂ ಪುಸ್ತಕ ಆರಿಸಲು ಅವರಿಗೆ ಹೇಳು ಎಂದಳು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅಂಗಡಿ ಬೋರ್ಡು, ಸತ್ತವರ ಭಾವಚಿತ್ರ ಬರೆದೇ ಆಯುಸ್ಸು ಕಳೆಯಿತು, ಈಗ ಒಂದು ಗೋಡೆ ಸಿಕ್ಕಿದೆ, ಅದಕ್ಕೂ ಕಲ್ಲು ಹಾಕಬೇಡ ಎಂದು ರೇಗಿದೆ.

ನಾನು ಕೆಲಸ ಮಾಡುವ ಕೋಣೆ ಕೆಳಗೆ, ಮನೆ ಮೇಲೆ. ದಿನಾ ಮಧ್ಯಾಹ್ನ ಅಕ್ಕ ಪುಸ್ತಕ ಹಿಡಿದು ಇಳಿದು ಬಂದು, ಚಿತ್ರದ ಹಿಂಬದಿಗೆ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಳ್ಳುತ್ತಿದ್ದಳು. ಮುಗಿಯುವ ಮುಂಚೆ ಚಿತ್ರವನ್ನು ಯಾರೂ ನೋಡಕೂಡದು ಎಂಬುದು ನನ್ನ ಕಟ್ಟಳೆ. ಅವಳಿಗೆ ಕಾಣುತ್ತಿದ್ದುದು ಕ್ಯಾನ್ವಾಸಿನ ಬೆನ್ನು. ನನಗೆ ಕಾಣುತ್ತಿದ್ದುದು ಚೌಕಟ್ಟಿನ ಕೆಳಗೆ ಅವಳ ಎರಡು ಪಾದ. ಅವಳು ಓದುತ್ತಿದ್ದಳು, ನಾನು ಕೇಳಿದ್ದನ್ನು ಬರೆಯುತ್ತಿದ್ದೆ. ಊಹಿಸಿ ಬರೆಯುವುದು ನನ್ನಿಂದಾಗದು. ಬಾಗಿಲಿನ ಅಗುಳಿ ಎಡಕ್ಕೋ ಬಲಕ್ಕೋ ಎಂಬುದೂ ನನಗೆ ಗೊತ್ತಾಗಬೇಕು, ಇಲ್ಲವಾದರೆ ಕುಂಚ ಏಳುವುದಿಲ್ಲ.

ಅವಳು ಓದಿದ್ದು ಹೀಗಿತ್ತು. ಶತ್ರುಗಳು ಕೋಟೆಯ ಗೋಡೆ ಒಡೆದಾಗ ರಾಣಿ ತನ್ನ ಮಗನನ್ನೂ ಮಗಳನ್ನೂ ದಾದಿಗೆ ಒಪ್ಪಿಸುತ್ತಾಳೆ. ದಾದಿ ಹೊಳೆಗೆ ತೆರೆಯುವ ನೀರಿನ ಬಾಗಿಲಿನಿಂದ ಹೊರಬಿದ್ದು, ಒಂದೊಂದು ಕೈಯಲ್ಲಿ ಒಂದೊಂದು ಮಗುವನ್ನು ಹಿಡಿದು, ತುಂಬಿದ ಹೊಳೆ ದಾಟಿ ಆಚೆ ದಡ ಸೇರುತ್ತಾಳೆ. ಮೂವರೂ ನೆನೆದು ತೊಪ್ಪೆಯಾಗಿ ದಡದ ಮೇಲೆ ನಿಂತು, ಉರಿಯುವ ಕೋಟೆಯನ್ನು ತಿರುಗಿ ನೋಡುತ್ತಾರೆ. ಅಷ್ಟಕ್ಕೆ ಅಧ್ಯಾಯ ಮುಗಿಯುತ್ತದೆ. ಮುಂದೆ ಬರೀ ಯುದ್ಧ, ಗಂಟಲು ಕಟ್ಟಿದೆ ಎಂದು ಅಕ್ಕ ಪುಸ್ತಕ ಮುಚ್ಚಿದಳು.

ಕ್ಯಾನ್ವಾಸಿನ ಮೇಲೆ ದಾದಿ ಬೇಗ ಬಂದಳು. ಹುಡುಗಿಯೂ ಬಂದಳು. ಹುಡುಗನ ಮುಖ ಮಾತ್ರ ವಾರಗಟ್ಟಲೆ ಕಾಡಿತು. ಕಿವಿ ಹೇಗಿತ್ತು ಎಂದು ಬರೆದಿದ್ದಾರಾ ನೋಡು ಎಂದೆ. ಆಚೆಯಿಂದ ಪುಟ ಮಗುಚುವ ಸದ್ದು ಬಂತು. ಬರೆದಿದ್ದಾರೆ ಎಂದಳು: ಎಡಗಿವಿ ಸ್ವಲ್ಪ ಮುಂದಕ್ಕೆ ಬಾಗಿದೆ. ಹುಬ್ಬು? ಎರಡೂ ನಡುವೆ ಕೂಡಿಕೊಂಡಂತಿವೆ. ಹಲ್ಲು? ಮುಂದಿನದೊಂದು ಬಿದ್ದು ಹೊಸದು ಅರ್ಧ ಬಂದಿದೆ. ಅಂಗಿಯ ಕಸೆಗಳನ್ನು ತಾನೇ ಕಟ್ಟಿಕೊಳ್ಳುತ್ತೇನೆಂದು ಹಟ ಹಿಡಿದು ಒಂದರ ಬದಲು ಇನ್ನೊಂದಕ್ಕೆ ಕಟ್ಟಿಕೊಂಡಿದ್ದಾನೆ, ಬಿಚ್ಚಿ ಸರಿ ಮಾಡಲು ಹೋದರೆ ಕಿರುಚುತ್ತಾನೆ. ಎಂಥ ಬರಹಗಾರನಪ್ಪಾ ಎಂದು ನನಗೆ ಬೆರಗಾಯಿತು. ಮುತ್ತಿಗೆಯ ಗಡಿಬಿಡಿಯಲ್ಲೂ ಮಗುವಿನ ಕಸೆ ನೋಡುವ ಪುಣ್ಯಾತ್ಮ ಎಂದು ನಕ್ಕೆ. ಅಕ್ಕ ನಗಲಿಲ್ಲ. ಆದರೆ ಹುಡುಗ ಬಂದ. ನಾನು ಬರೆದ ಮುಖಗಳಲ್ಲೆಲ್ಲ ಅಷ್ಟು ಜೀವ ಇದ್ದದ್ದು ಅದೊಂದರಲ್ಲೇ.

ವಾರ್ನಿಷ್ ಹಚ್ಚುವ ಮೊದಲು ಒಮ್ಮೆ ನೋಡಲಿ ಎಂದು ಗ್ರಂಥಪಾಲಕರನ್ನು ಕರೆದೆ. ಅವರು ಮೆತ್ತನೆಯ ಮನುಷ್ಯ, ಬಾಗಿಲನ್ನೂ ಸದ್ದಾಗದಂತೆ ಮುಚ್ಚುವವರು. ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ಮೆಚ್ಚಿ ಮಾತು ಹೊರಡದೆ ನಿಂತಿದ್ದಾರೆ ಎಂದು ನಾನು ಒಳಗೊಳಗೇ ಉಬ್ಬಿದೆ.

"ತುಂಬಾ ಚೆನ್ನಾಗಿದೆ ಮೇಡಂ. ಆದರೆ ರಾಜಕುಮಾರ ದಡ ಸೇರೋದಿಲ್ವಲ್ಲ," ಎಂದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಪುಸ್ತಕಗಳ ಧೂಳು ಒರೆಸುವುದಕ್ಕೂ ಓದುವುದಕ್ಕೂ ವ್ಯತ್ಯಾಸವಿದೆ ಎಂದು ಅವರಿಗೇ ಪಾಠ ಹೇಳಿದೆ. ಅವರು ಬೇಸರಿಸಿಕೊಳ್ಳದೆ ಮೇಜಿನ ಮೇಲಿದ್ದ ಪುಸ್ತಕ ತೆಗೆದು, ಹನ್ನೆರಡನೇ ಅಧ್ಯಾಯ ಹುಡುಕಿ, ಗಟ್ಟಿಯಾಗಿ ಓದಿದರು. ನಡುಹೊಳೆಯಲ್ಲಿ ದಾದಿಯ ಕಾಲು ನೆಲೆ ತಪ್ಪುತ್ತದೆ. ಮರದ ಕೊಂಬೆಯೊಂದು ಕೈಗೆಟಕುವಷ್ಟು ಹತ್ತಿರ ಬರುತ್ತದೆ. ಅದನ್ನು ಹಿಡಿಯಲು ಅವಳು ರಾಜಕುಮಾರನ ಕೈ ಬಿಡುತ್ತಾಳೆ. ರಾಜ್ಯ ಮಗಳಿಗೆ ಹೋಗುವುದು, ದಾದಿ ಮೂವತ್ತು ವರ್ಷ ಬಾಯಿ ಬಿಡದೆ ಬದುಕುವುದು, ಮುಂದಿನ ಇಡೀ ಕಾದಂಬರಿ ನಿಂತಿರುವುದು ಅದರ ಮೇಲೆ. ಕಿವಿಯ ಮಾತಿರಲಿ, ಹುಡುಗನ ಮುಖದ ಬಗ್ಗೆಯೇ ಒಂದು ಸಾಲೂ ಇರಲಿಲ್ಲ. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಉದ್ಘಾಟನೆಗೆ ಇನ್ನೂ ಮೂರು ವಾರವಿದೆ, ಆ ಹುಡುಗನನ್ನು ಅಳಿಸಿ ನೀರಿನಲ್ಲಿ ತೋರಿಸಿದರೆ ಸಾಕು ಎಂದು ಹೇಳಿ ಅವರು ಹೋದರು.

ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದೆ. ಅಕ್ಕ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬಾಯಿಗೆ ಬಂದದ್ದೆಲ್ಲ ಅಂದೆ. ಓದಲು ಬಾರದವಳ ತಲೆಗೆ ಟೋಪಿ ಹಾಕಿ ಮಜಾ ನೋಡಿದೆಯಾ ಎಂದೆ. ನಾಲ್ಕು ಜನರೆದುರು ಮಾನ ಹರಾಜು ಹಾಕಿದೆ ಎಂದೆ. ಇದ್ದದ್ದು ಒಬ್ಬರೇ, ಕೋಪದಲ್ಲಿ ನಾಲ್ಕಾದರು. ಅವಳು ತೋಳಿನ ಮಡಿಕೆ ಮುಗಿಸಿ, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಂತಿ ಕಿತ್ತಳು.

"ಹುಡುಗನ್ನ ಅಳಿಸ್ತೀಯಾ?" ಎಂದಳು.

ಅವಳ ದನಿಯಲ್ಲಿ ಏನೋ ಇತ್ತು. ನನ್ನ ಸಿಟ್ಟು ಅರ್ಧಕ್ಕೇ ನಿಂತಿತು. ಅದು ಯಾರ ಕಿವಿ ಎಂದು ಕೇಳಿದೆ.

ನಮಗೊಬ್ಬ ಅಣ್ಣನಿದ್ದ. ನನಗೆ ಅಣ್ಣ, ಅವಳಿಗೆ ತಮ್ಮ. ಹಟಮಾರಿಯಾದ್ದರಿಂದ ಮನೆಯಲ್ಲಿ ಅವನನ್ನು ಮೊಂಡ ಎನ್ನುತ್ತಿದ್ದರಂತೆ. ನದಿಯ ಒಡ್ಡು ಒಡೆದು ನೀರು ಬೀದಿಗೆ ನುಗ್ಗಿದಾಗ ಅವನಿಗೆ ಆರು, ನನಗೆ ನಾಲ್ಕು, ಅಕ್ಕನಿಗೆ ಹನ್ನೆರಡು. ಅಮ್ಮ ಕೆಲಸಕ್ಕೆ ಹೋಗಿದ್ದಳು. ಅಕ್ಕ ನಮ್ಮಿಬ್ಬರನ್ನೂ ಎಳೆದುಕೊಂಡು ಎತ್ತರದ ಬೀದಿಗೆ ಹೊರಟಳು. ದಾರಿಯಲ್ಲಿ ಮೊಂಡ ಕಾಲು ಜಾರಿ ಹೋದ. ಮನೆಯಲ್ಲಿ ಇದ್ದ ಕಥೆ ಅಷ್ಟೇ. ಅಮ್ಮ ಅದನ್ನೇ ನಂಬಿಕೊಂಡು ಕಣ್ಣು ಮುಚ್ಚಿದಳು. ಅವನದೊಂದು ಫೋಟೋ ಕೂಡ ಉಳಿದಿಲ್ಲ. ಇದ್ದದ್ದೂ ಅದೇ ನೀರಿನಲ್ಲಿ ಹೋಯಿತು. ಅವನ ಮುಖ ನನಗೆ ನೆನಪಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ನೆನಪಿಲ್ಲದ್ದಕ್ಕೆ ನಾಚಿಕೆಯಾಗುತ್ತಿತ್ತು.

"ಅವನು ಜಾರಲಿಲ್ಲ," ಎಂದಳು ಅಕ್ಕ. "ನಾನು ಬಿಟ್ಟೆ. ನೀರು ಎದೆಮಟ್ಟ ಬಂದಿತ್ತು. ದೀಪದ ಕಂಬ ಸಿಕ್ತು. ಅದನ್ನ ಹಿಡ್ಕೋಬೇಕು ಅಂದ್ರೆ ಒಂದು ಕೈ ಖಾಲಿ ಬೇಕಿತ್ತು."

ನಾನು ಕುರ್ಚಿ ಹುಡುಕಿ ಕೂತೆ. ಕರಡು ತಿದ್ದುವಾಗ ಆ ಅಧ್ಯಾಯವನ್ನು ಹೇಗೆ ದಾಟಿದೆ ಎಂದು ಕೇಳಿದೆ. ಅಕ್ಷರ ಮಾತ್ರ ನೋಡಿದೆ, ಅರ್ಥ ನೋಡಲಿಲ್ಲ ಎಂದಳು. ಗಟ್ಟಿಯಾಗಿ ಓದಬೇಕಾಗಿ ಬಂದಾಗ ಆ ಸಾಲು ಬಾಯಿಂದ ಹೊರಡಲೇ ಇಲ್ಲವಂತೆ. ಬಾಯಿ ತಾನಾಗಿ ಅವರನ್ನು ದಡ ಹತ್ತಿಸಿತು. ನಾನು ಕಿವಿ ಕೇಳಿದೆ, ಹುಬ್ಬು ಕೇಳಿದೆ. ಅವಳು ಮೊಂಡನನ್ನೇ ನೋಡಿ ನೋಡಿ ಹೇಳಿದಳು.

ಕೇಳಬಾರದ ಪ್ರಶ್ನೆ ಒಂದಿತ್ತು. ಅದನ್ನೂ ಕೇಳಿದೆ.

"ಅವನನ್ನ ಯಾಕೆ ಬಿಟ್ಟೆ? ನನ್ನ ಯಾಕೆ ಬಿಡಲಿಲ್ಲ?"

ಚಿಕ್ಕವಳು ಅಂತ, ಹಗುರವಾಗಿದ್ದೆ ಅಂತ, ಏನಾದರೊಂದು ಹೇಳುತ್ತಾಳೆ ಎಂದು ಕಾದೆ. ಅಷ್ಟಾದರೂ ಬೇಕಿತ್ತು ನನಗೆ.

"ಕಂಬ ಎಡಗಡೆ ಇತ್ತು ಕಣೇ," ಎಂದಳು. "ನೀನು ಬಲಗೈಲಿದ್ದೆ."

ಮೂರು ದಿನ ನಾವು ಮಾತಾಡಲಿಲ್ಲ. ಊಟಕ್ಕೆ ಕೂರುತ್ತಿದ್ದೆವು, ತಟ್ಟೆ ತೊಳೆಯುತ್ತಿದ್ದೆವು. ನನಗೆ ಅವಳ ಮೇಲೆ ಸಿಟ್ಟಿತ್ತು. ಅಮ್ಮನಿಗೆ ಸುಳ್ಳು ಹೇಳಿದ್ದಕ್ಕೆ, ನನಗೂ ಹೇಳಿದ್ದಕ್ಕೆ. ಅದಕ್ಕಿಂತ ಹೆಚ್ಚಾಗಿ ಭಯವಿತ್ತು. ಕಂಬ ಆಚೆ ಬದಿಗಿದ್ದಿದ್ದರೆ ಈ ಮನೆಯಲ್ಲಿ ತಟ್ಟೆ ತೊಳೆಯುವುದು ಒಬ್ಬ ಮುದುಕನಾಗಿರುತ್ತಿದ್ದ. ನನ್ನ ಕಿವಿ ಹೇಗಿತ್ತು ಎಂದು ಅಕ್ಕ ಅವನಿಗೆ ಹೇಳುತ್ತಿದ್ದಳೋ ಏನೋ. ಜೀವಮಾನವೆಲ್ಲ ಅವಳ ಮೇಲೆ ಹಾರಾಡಿದ್ದು, ಓದು ಓದು ಎಂದು ಪೀಡಿಸಿದ್ದು ನೆನಪಾಗಿ ಅರ್ಧ ಊಟಕ್ಕೇ ಏಳುತ್ತಿದ್ದೆ.

ನಾಲ್ಕನೇ ದಿನ ಬೆಳಿಗ್ಗೆ ನಿರ್ಧಾರ ಮಾಡಿದೆ. ಚಿತ್ರ ಕೊಡುವುದಿಲ್ಲ ಎಂದು ಗ್ರಂಥಪಾಲಕರಿಗೆ ಫೋನು ಮಾಡುತ್ತೇನೆ, ಗೋಡೆ ಹೋದರೆ ಹೋಗಲಿ, ಮೊಂಡ ನಮ್ಮ ಮನೆಯಲ್ಲೇ ಇರಲಿ ಎಂದು ಅಕ್ಕನಿಗೆ ಹೇಳಿದೆ. ಅವಳು ಕೆಳಗಿಳಿದಳು. ನಾನು ಹಿಂದೆ ಹೋದೆ. ಅವಳು ಎಂದಿನ ಕುರ್ಚಿಯ ಕಡೆ ತಿರುಗದೆ ಸುತ್ತಿ ಬಂದು, ಮೊದಲ ಸಲ ಚಿತ್ರದ ಮುಂದೆ ನಿಂತಳು.

ಐವತ್ತೆಂಟು ವರ್ಷದ ಮೇಲೆ ಅವಳು ಅವನನ್ನು ನೋಡುತ್ತಿದ್ದಳು. ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಮುಖವನ್ನು ಕ್ಯಾನ್ವಾಸಿಗೆ ತಾಗುವಷ್ಟು ಹತ್ತಿರ ಒಯ್ದು, ಕರಡು ನೋಡುವವಳ ಹಾಗೆ ಮೇಲಿನಿಂದ ಕೆಳಗೆ ನೋಡುತ್ತ ಬಂದಳು. ಕಿವಿ ಸರಿಯಾಗಿದೆ ಎಂದಳು. ಹುಬ್ಬು ಸರಿಯಾಗಿದೆ. ಬಿದ್ದ ಹಲ್ಲು ಆ ಕಡೆಯದು, ಈ ಕಡೆಯದಲ್ಲ. ನಾನು ಸಣ್ಣ ಕುಂಚ ತೆಗೆದು ಹಲ್ಲನ್ನು ಸರಿ ಮಾಡಿದೆ.

"ಈಗ ಪುಸ್ತಕದಲ್ಲಿರೋ ಹಾಗೆ ಬರಿ," ಎಂದಳು.

ಬರೆಯುವುದಿಲ್ಲ ಎಂದೆ. ಅವನ ಮುಖ ಇರುವುದು ಇದೊಂದೇ ಕಡೆ, ಅದನ್ನು ನನ್ನ ಕೈಯಾರೆ ನೀರಿಗೆ ಹಾಕಲೇ ಎಂದು ಕೇಳಿದೆ.

"ಇಷ್ಟು ವರ್ಷ ಅವನನ್ನ ದಡದ ಮೇಲೆ ನಿಲ್ಲಿಸ್ಕೊಂಡೇ ಬಂದೆ. ಸಾಕಾಗಿದೆ ನಂಗೆ. ಒಂದು ಕಡೆಯಾದ್ರೂ ನಿಜ ಇರ್ಲಿ." ಮತ್ತೆ ಹೇಳಿದಳು: "ಮುಖ ಅಳಿಸಬೇಡ. ಅವನು ನನ್ನ ಕಡೆಗೇ ನೋಡ್ತಿದ್ದ. ಹಾಗೇ ಬರಿ."

ಹಾಗೇ ಬರೆದೆ. ದಡದ ಮಣ್ಣಿನ ಮೇಲೆ ನೀರಿನ ಬಣ್ಣ ಎಳೆಯುತ್ತ ಬಂದೆ. ಮೂವರನ್ನೂ ಹೊಳೆಗೆ ಇಳಿಸಿದೆ. ಮೊಂಡನ ಕಾಲು ಹೋಯಿತು, ತಪ್ಪಾಗಿ ಕಟ್ಟಿದ ಕಸೆ ಹೋಯಿತು, ಕೊರಳವರೆಗೆ ನೀರು ಬಂತು. ಮುಖವನ್ನು ಮುಟ್ಟಲಿಲ್ಲ. ಕಣ್ಣಿನ ಕಪ್ಪನ್ನು ಮಾತ್ರ ಒಂದಿಷ್ಟು ಸರಿಸಿ ದಾದಿಯ ಕಡೆ ತಿರುಗಿಸಿದೆ. ಕೈ ಬಿಟ್ಟದ್ದು ಅವನಿಗೆ ಇನ್ನೂ ಗೊತ್ತಾಗಿಲ್ಲ ಎಂಬಂತೆ ನೋಡುತ್ತಿದ್ದಾನೆ. ಆ ಹತ್ತು ದಿನ ನಾನು ಹೇಗೆ ಕೆಲಸ ಮಾಡಿದೆನೋ ಹೇಳಲಾರೆ.

ಕೊನೆಗೆ ಉಳಿದದ್ದು ದಾದಿಯ ಕೈ, ಬಿಟ್ಟ ಕೈ. ಬೆರಳುಗಳು ಹೇಗಿದ್ದವು ಎಂಬುದು ನನಗೆ ಗೊತ್ತಾಗಬೇಕಿತ್ತು. ಪುಸ್ತಕದಲ್ಲಿ ಅದಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತು, ರವಿಕೆಯ ತೋಳು ಮೇಲೆ ಸರಿಸಿ, ಎಡಗೈಯನ್ನು ಮುಂದೆ ಚಾಚಿ ಬೆರಳು ಬಿಡಿಸಿ ಹಿಡಿದಳು. ಹೀಗಿತ್ತು ಎಂದಳು. ಎಪ್ಪತ್ತರ ಕೈ, ನರಗಳು ಎದ್ದ ಕೈ; ನಾನು ಅದನ್ನು ನೋಡಿ ದಾದಿಯ ತೋಳಿಗೆ ಹನ್ನೆರಡು ವರ್ಷದವಳ ಕೈ ಬರೆಯಬೇಕಿತ್ತು. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು. ಕೈ ಇಳಿಸು, ಸ್ವಲ್ಪ ಸುಧಾರಿಸಿಕೋ ಎಂದೆ. ಇಳಿಸಲಿಲ್ಲ. ತೋಳು ಸೋತು ನಡುಗಲು ಶುರುವಾಯಿತು, ಆದರೂ ಇಳಿಸಲಿಲ್ಲ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಬೆರಳುಗಳ ಆಚೆ ಎಲ್ಲೋ ನೋಡುತ್ತಿದ್ದಳು.

ನಾನು ಕುಂಚ ಕೆಳಗಿಟ್ಟು ಎದ್ದು ಹೋಗಿ ಆ ಕೈ ಹಿಡಿದೆ. ಬಣ್ಣವಾಗುತ್ತೆ, ಬಿಡು ಎಂದಳು. ನಾನು ಬಿಡಲಿಲ್ಲ.