ಕುರ್ಲಾದವರೆಗೆ ಬುಷರಾಳ ಸೀಟು

ದಾದರಿನಿಂದ ಕಾಂಜೂರ್‌ಮಾರ್ಗಕ್ಕೆ ಹೋಗುವ ಎಂಟು ನಲವತ್ತರ ಸ್ಲೋ ಲೋಕಲ್. ಅದರ ಲೇಡೀಸ್ ಡಬ್ಬಿಯಲ್ಲಿ ಬುಷರಾ ಮತ್ತು ಗುಲಾಫಶಾ ಇಬ್ಬರಿಗೂ ಸೇರಿ ಒಂದೇ ಸೀಟು. ಎರಡು ಸಿಕ್ಕ ದಿನವೂ ಒಂದೇ. ಕುರ್ಲಾ ಬರುವತನಕ ಬುಷರಾ ಕೂರಬೇಕು, ಗುಲಾಫಶಾ ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಲ್ಲಬೇಕು. ಕುರ್ಲಾದಲ್ಲಿ ಬುಷರಾ ಎದ್ದು ಗೆಳತಿಯನ್ನು ಕೂರಿಸಬೇಕು. ಇಬ್ಬರ ಕೆಲಸವೂ ಪವಾಯಿಯಲ್ಲಿ; ಮೂರು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿರಲಿಲ್ಲ.

ಆ ಶನಿವಾರ ಕೊನೆಯದು. ಆಂಟಾಪ್ ಹಿಲ್‌ನಲ್ಲಿ ಗುಲಾಫಶಾಳ ಬಿಲ್ಡಿಂಗನ್ನು ಕೆಡವುತ್ತಿದ್ದರು, ಅವಳ ಮನೆಯವರು ಮರುದಿನವೇ ಸಾಮಾನು ಕಟ್ಟಿಕೊಂಡು ಕಾಂಜೂರ್‌ಗೂ ಎಷ್ಟೋ ಆಚೆಯ ಮುಂಬ್ರಾಕ್ಕೆ ಹೊರಡುವವರು. ಸೋಮವಾರದಿಂದ ಅವಳು ಪವಾಯಿಯ ಕೆಲಸಕ್ಕೆ ಎದುರು ದಿಕ್ಕಿನ ಗಾಡಿ ಹಿಡಿದು ಬರುವವಳು.

"ನಾಳೆ ಎಂಟು ನಲವತ್ತು ತಪ್ಪಿಸಬ್ಯಾಡ ಗುಲ್ಲು, ಲಾಸ್ಟ್ ಐತಿ," ಅಂತ ಬುಷರಾ ಹಿಂದಿನ ದಿನವೇ ಹೇಳಿದ್ದಳು.

"ನಾ ಖಾಲಾನ ಮನಿಯಿಂದ ಬರ್ತೀನಿ. ನೀ ಸೀಟ್ ಹಿಡಿ, ಸಾಕು," ಎಂದಿದ್ದಳು ಗುಲಾಫಶಾ. ಆ ರಾತ್ರಿ ಅವಳು ಚಿಕ್ಕಮ್ಮನ ಮನೆಯಲ್ಲಿ ಉಳಿಯುವವಳಿದ್ದಳು.

ಬುಷರಾ ಸೀಟು ಹಿಡಿದಳು. ಗಾಡಿ ಹೊರಡಲು ಇನ್ನೂ ನಾಲ್ಕು ನಿಮಿಷ. ಎಲ್ಲಿದ್ದಾಳೆ ನೋಡೋಣ ಅಂತ ಫೋನ್ ತೆಗೆದರೆ ಗುಲಾಫಶಾ ಆಗಷ್ಟೇ ಸ್ಟೋರಿ ಹಾಕಿದ್ದಳು. ಪವಾಯಿ ಕೆರೆಯ ದಂಡೆ. ಗುಲಾಫಶಾ, ಅವಳ ಕೆನ್ನೆಗೆ ಕೆನ್ನೆ ಒತ್ತಿಕೊಂಡು ನಮಿತಾ. ಕೆಳಗೆ, 'ಮೇರಿ ಜಾನ್', ನನ್ನ ಜೀವ.

ಬುಷರಾಳ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು. ಈ ನಮಿತಾ ಗುಲಾಫಶಾ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಸೇರಿ ಬರೀ ನಾಲ್ಕು ತಿಂಗಳು. ನಾಲ್ಕೇ ತಿಂಗಳಿಗೆ ಜಾನ್! ಕೊನೆಯ ದಿನವೂ ತನ್ನನ್ನು ಬಿಟ್ಟು ಇವಳ ಜೊತೆ ಮೊದಲೇ ಪವಾಯಿ ಮುಟ್ಟಿದ್ದಾಳೆ, ತಾನಿಲ್ಲಿ ಪೆದ್ದಿಯ ಹಾಗೆ ಸೀಟು ಕಾಯುತ್ತಿದ್ದೇನೆ. ಬುಷರಾ ಕಿವಿಗೆ ಇಯರ್‌ಬಡ್ ತುರುಕಿಕೊಂಡು ಆ ಸ್ಟೋರಿಯನ್ನು ಆರು ಸಲ ನೋಡಿದಳು. ಆಮೇಲೆ ನಮಿತಾಳ ಪೇಜಿಗೇ ನುಗ್ಗಿದಳು.

ಅಲ್ಲಿ ಏನಿಲ್ಲ ಕೇಳಿ! ನಮಿತಾಳ ಅಪ್ಪನ ಹೋಟೆಲಿನಲ್ಲಿ ಗುಲಾಫಶಾ ನೀರುದೋಸೆ ತಿನ್ನುತ್ತಿದ್ದಾಳೆ. ಜುಹೂ ಬೀಚಿನಲ್ಲಿ ಗುಲಾಫಶಾ. ಇಬ್ಬರ ಕಿವಿಯಲ್ಲೂ ಒಂದೇ ಥರದ ಜುಮಕಿ. ಬುಷರಾ ಒಂದೊಂದು ಫೋಟೋವನ್ನೂ ಬೆರಳಲ್ಲಿ ಹಿಗ್ಗಿಸಿ ನೋಡಿದಳು, ನಮಿತಾಳ ಮೂಗು ಸೊಟ್ಟಗಿದೆ ಅಂತ ತೀರ್ಮಾನಿಸಿದಳು, ಮುಂದಿನದಕ್ಕೆ ಹೋದಳು.

ಗಾಡಿ ಯಾವಾಗ ಬಿಟ್ಟಿತೋ ಗೊತ್ತಾಗಲಿಲ್ಲ. ಯಾರದೋ ಮೊಣಕಾಲು ತಾಗಿತು, ಕಾಲು ಒಳಗೆಳೆದುಕೊಂಡಳು. ಸಾಯನ್ ಹತ್ತಿರ ಯಾರೋ ಭುಜ ತಟ್ಟಿದರು.

"ಕಿಧರ್ ಉತರೇಗಿ?"

ಎಲ್ಲಿ ಇಳಿಯುತ್ತೀ ಅನ್ನುವುದು ಆ ಡಬ್ಬಿಯಲ್ಲಿ ನಮಸ್ಕಾರಕ್ಕಿಂತ ಮೊದಲು ಬರುವ ಪ್ರಶ್ನೆ. ಮೊದಲು ಕೇಳಿದವಳಿಗೆ ಸೀಟು.

"ಕಾಂಜೂರ್," ಎಂದಳು ಬುಷರಾ, ತಲೆ ಎತ್ತದೆ.

"ಕುರ್ಲಾ ಮೇ ಸೀಟ್ ದೇಗಿ ಕ್ಯಾ?"

"ನಹೀ ದೂಂಗಿ. ಪೀಛೇ ಪೂಛೋ." ಕೊಡುವುದಿಲ್ಲ, ಹಿಂದಿನವರನ್ನು ಕೇಳು ಅಂತ ಬುಷರಾ ಕೈಯಾಡಿಸಿದಳು.

ಕುರ್ಲಾ ಬಂತು, ನೂಕುನುಗ್ಗಲಾಯಿತು, ಕುರ್ಲಾ ಹೋಯಿತು. ಎದ್ದು ಕೊಡಲು ಅವಳಿಗೆ ಯಾರಿದ್ದರು?

ವಿಕ್ರೋಳಿ ದಾಟುವಾಗ ನಮಿತಾಳ ಎರಡು ವರ್ಷ ಹಳೆಯ ಫೋಟೋ ತಲುಪಿದ್ದಳು. ಗಾಡಿ ಕುಲುಕಿತು. ಹೆಬ್ಬೆರಳು ಜಾರಿತು. ಪರದೆಯ ಮೇಲೆ ಕೆಂಪು ಹೃದಯ ಅರಳಿತು.

"ಆ ಲೈಕ್ ತಗಿ, ಹುಚ್ಚಿ!" ಯಾರೋ ಅವಳ ಒಂದು ಇಯರ್‌ಬಡ್ ಕಿತ್ತು ಮೇಲಿನಿಂದ ಹೇಳಿದರು. "ಆಕಿಗೆ ಗೊತ್ತಾಗ್ತೈತಿ."

ಬುಷರಾ ತಲೆ ಎತ್ತಿದಳು. ಬೆವರಿಳಿಯುತ್ತ, ಹಿಡಿಗೆ ಜೋತುಬಿದ್ದು ನಿಂತಿದ್ದವಳು ಗುಲಾಫಶಾ.

"ಗುಲ್ಲು! ಯಾವಾಗ ಬಂದಿ?"

"ದಾದರ್‌ದಾಗ. ಗಾಡಿ ಬಿಡೂ ಹೊತ್ತಿಗೆ ಓಡಿ ಹತ್ತೀನಿ."

"ಮತ್ತ ಸ್ಟೋರಿ..."

"ನಿನ್ನೆ ಸಂಜೀದು. ಬಸ್ಸಿನ್ಯಾಗ ಕುಂತು ಹಾಕಿದೆ." ಗುಲಾಫಶಾಳ ದನಿಯಲ್ಲಿ ನಗು ಇರಲಿಲ್ಲ. "ಸಾಯನ್‌ದಾಗ ದನಿ ಬದಲ್ ಮಾಡಿ ಕೇಳಿದೆ. ನೀನೂ ಮಜಾಕ್ ಮಾಡಾಕತ್ತಿ ಅಂತ ತಿಳಕೊಂಡೆ. ಕುರ್ಲಾದಾಗ ಏಳ್ತಿ ಅಂತ ನಿಂತೆ. ಇಷ್ಟೊತ್ತು ನನ್ನ ಫೋಟೋನs ನೋಡಿದಿ. ನಾ ಇಲ್ಲೇ ಇದ್ನಲ್ಲ?"

"ಕುಂದ್ರು. ಈಗ ಕುಂದ್ರು," ಬುಷರಾ ದಡಬಡಿಸಿ ಎದ್ದಳು. ಗುಲಾಫಶಾ ಕೂರಲಿಲ್ಲ. ಪಕ್ಕದ ಹೆಂಗಸೊಬ್ಬರು ಥಟ್ಟನೆ ಕೂತುಬಿಟ್ಟರು. ಕಾಂಜೂರ್ ಬಂದೇಬಿಟ್ಟಿತು.

ಸ್ಟೇಷನ್ನಿನ ಸೇತುವೆ ಮೇಲೆ ಗುಲಾಫಶಾ ಮುಂದೆ, ಬುಷರಾ ಹಿಂದೆ. ತಪ್ಪು ತನ್ನದೇ ಅಂತ ಬುಷರಾಗೆ ಗೊತ್ತಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಆಕಿಗೆ ಜಾನ್ ಅಂತ ಬರದೀಯಲ್ಲ! ನನಗ ಯಾವತ್ತರ ಬರದಿ?"

"ದಿನಾ ಮೊಣಕಾಲಿಗೆ ಮೊಣಕಾಲು ಹಚ್ಚಿ ಬರೋಳಿಗೆ ಯಾರರ ಸ್ಟೋರಿ ಹಾಕ್ತಾರೇನs?"

ಒಳ್ಳೆಯ ಉತ್ತರವೇ. ಆದರೂ ಬುಷರಾಗೆ ಜಾನ್ ಬೇಕಾಗಿತ್ತು.

ಕೆಳಗೆ ಶೇರ್ ರಿಕ್ಷಾದ ತುದಿಯಲ್ಲಿ ನಮಿತಾ ಕೂತಿದ್ದಳು. "ಬೇಗ ಬಾ ಮಾರಾಯ್ತಿ! ಓ, ನೀವು ಬುಷರಾ ಅಲ್ವಾ? ಇವಳಿಗೆ ಅಂಗಡಿಯಲ್ಲಿ ಇಡೀ ದಿನ ನಿಮ್ಮದೇ ಮಾತು. ಕೇಳಿ ಕೇಳಿ ನನ್ನ ಮಂಡೆ ಬಿಸಿ." ನಗುತ್ತ ಹೇಳಿದರೂ ಆ ಮಾತಿನ ತುದಿ ಸ್ವಲ್ಪ ಚುಚ್ಚಿತು. ಇವಳಿಗೂ ಒಲೆ ಹೊತ್ತಿದೆ ಅಂತ ಬುಷರಾಗೆ ಥಟ್ಟನೆ ಅರ್ಥವಾಯಿತು. ಅರ್ಥವಾಗಿ ಹಾಯೆನಿಸಿತು.

ಗುಲಾಫಶಾ ನಡುವಿನ ಜಾಗಕ್ಕೆ ಕಾಲಿಟ್ಟಳು. ಬುಷರಾ ಹಿಂದಿನಿಂದ ಅವಳ ಕುರ್ತಾ ಹಿಡಿದು ಎಳೆದು, ತಾನೇ ಮೊದಲು ತೂರಿಕೊಂಡಳು.

"ಥೋಡಾ ಸರಕೋ ನಾ," ಎಂದು ನಮಿತಾಳನ್ನು ಆ ಬದಿಗೆ ಸರಿಸಿದಳು.

"ಏ, ಏನ್ ಹುಡುಗಿ ಅದೀಯs ನೀ!" ಗುಲಾಫಶಾ ತುದಿಗೆ ಕೂತಳು. ಬುಷರಾ ಅವಳ ಮಡಿಲಲ್ಲಿ ಕೈ ಇಟ್ಟಳು. ಗುಲಾಫಶಾ ಆ ಕೈ ಹಿಡಿಯಲೂ ಇಲ್ಲ, ತಳ್ಳಲೂ ಇಲ್ಲ.

ಗಾಂಧಿನಗರ ಸಿಗ್ನಲ್‌ನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಡ್ರೈವರ್ ಇಂಜಿನ್ ಬಂದ್ ಮಾಡಿದ. ನಮಿತಾ ಲೇಟಾಯಿತೆಂದು ಗೊಣಗಿದಳು. ಪವಾಯಿಗೆ ಇನ್ನು ಹತ್ತೇ ನಿಮಿಷ. ಸಿಗ್ನಲ್ ಇನ್ನಷ್ಟು ಹೊತ್ತು ಕೆಂಪಾಗಿಯೇ ಇರಲೆಂದು ಬುಷರಾ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂತಳು.